ಮಂಡಿಯೊಳಗಿನ ಹಗ್ಗ ಹರಿದರೆ: ಆಪರೇಷನ್ ಬೇಕೇ, ಬೇಡವೇ?



ಕಳೆದ ತಿಂಗಳು ನಮ್ಮ ಶಾಲೆಯ ಹತ್ತನೇ ತರಗತಿಯ ಒಬ್ಬ ಹುಡುಗಿ ಕುಂಟುತ್ತಾ ಸ್ಟಾಫ್ ರೂಮಿಗೆ ಬಂದಳು. ಕಬಡ್ಡಿ ತಂಡದ ಒಳ್ಳೆಯ ರೈಡರ್ ಅವಳು. ಕೈಯಲ್ಲೊಂದು ದೊಡ್ಡ ಕವರ್ ಇತ್ತು, ಅದರೊಳಗೆ ಎಂ.ಆರ್.ಐ. ಫಿಲ್ಮು.

"ಸರ್, ಮಂಗಳೂರಿನಲ್ಲಿ ಒಬ್ರು ಡಾಕ್ಟ್ರು ಆಪರೇಷನ್ ಮಾಡ್ಬೇಕು ಅಂದ್ರು. ಇನ್ನೊಬ್ರು, ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡುವ ಅಂದ್ರು. ಅಜ್ಜಿ, ಎಣ್ಣೆ ಹಾಕಿ ತಿಕ್ಕಿದ್ರೆ ಸಾಕು ಅಂತಾರೆ. ಯಾರು ಹೇಳಿದ್ದು ಸರಿ?"

ನಾನು ವಿಜ್ಞಾನದ ಮಾಸ್ಟ್ರು, ಡಾಕ್ಟರ್ ಅಲ್ಲ. ಅವಳ ಮಂಡಿಗೆ ಏನು ಮಾಡಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದೇ ಫಿಲ್ಮು ನೋಡಿದ ಇಬ್ಬರು ಒಳ್ಳೆಯ ಡಾಕ್ಟರುಗಳು ಎರಡು ಬೇರೆ ಮಾತು ಹೇಳಿದ್ದು ಯಾಕೆ? ಇದು ವಿಜ್ಞಾನದ ಪ್ರಶ್ನೆ. ಅದನ್ನು ನಾವು ಕೂತು ಯೋಚಿಸಬಹುದು. ನಾನು ಈ ವಿಷಯ ಬರೆಯಲು ಇನ್ನೊಂದು ಕಾರಣವೂ ಇದೆ. ಪ್ಯಾಂಟ್ ಮಡಚಿದರೆ ನನ್ನ ಬಲ ಮಂಡಿಯ ಮೇಲೆ ಆಪರೇಷನ್ನಿನ ಸಣ್ಣ ಗುರುತುಗಳು ಕಾಣುತ್ತವೆ. ಅದರ ಕಥೆಯನ್ನು ಆಮೇಲೆ ಹೇಳುತ್ತೇನೆ.

ತಟ್ಟೆಯ ಮೇಲೆ ಎರಡು ತೆಂಗಿನಕಾಯಿ

ಒಮ್ಮೆ ನಿಮ್ಮ ಮಂಡಿಯನ್ನು ಮುಟ್ಟಿ ನೋಡಿ. ಮೇಲಿನಿಂದ ಬರುವುದು ತೊಡೆಮೂಳೆ. ಕೆಳಗಿರುವುದು ಕಣಕಾಲಿನ ದಪ್ಪ ಮೂಳೆ. ಮುಂದುಗಡೆ ಮಂಡಿಚಿಪ್ಪು. ಸೊಂಟದ ಕೀಲನ್ನು ನೀವು ಪಾಠದಲ್ಲಿ ಓದಿದ್ದೀರಿ. ಅಲ್ಲಿ ತೊಡೆಮೂಳೆಯ ಚೆಂಡಿನಂಥ ತಲೆ ಒಂದು ಆಳವಾದ ಗುಳಿಯೊಳಗೆ ಕೂತಿರುತ್ತದೆ, ಸುಲಭಕ್ಕೆ ಜಾರುವುದಿಲ್ಲ. ಮಂಡಿ ಹಾಗಲ್ಲ. ಕಣಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಉರುಟು ಗುಬ್ಬಿಗಳಿವೆ. ಒಂದು ತಟ್ಟೆಯ ಮೇಲೆ ಎರಡು ತೆಂಗಿನಕಾಯಿ ಇಟ್ಟಂತೆ ಎಂದುಕೊಳ್ಳಿ. ತಟ್ಟೆ ಸ್ವಲ್ಪ ಓರೆಯಾದರೂ ಕಾಯಿ ಉರುಳಬೇಕಲ್ಲ? ಆದರೂ ನಾವು ಓಡುತ್ತೇವೆ, ಹಾರುತ್ತೇವೆ, ತೆಂಗಿನ ಮರ ಹತ್ತುತ್ತೇವೆ. ಮೂಳೆಗಳು ಜಾರುವುದಿಲ್ಲ.

ಕಾರಣ, ಕಟ್ಟಿ ಹಾಕಿದ ಹಗ್ಗಗಳು. ಮೂಳೆಯಿಂದ ಮೂಳೆಗೆ ಕಟ್ಟಿದ ಹಗ್ಗಕ್ಕೆ ಅಸ್ಥಿರಜ್ಜು ಎನ್ನುತ್ತೇವೆ. ಅಸ್ಥಿ ಅಂದರೆ ಮೂಳೆ, ರಜ್ಜು ಅಂದರೆ ಹಗ್ಗ. ಆಸ್ಪತ್ರೆಯಲ್ಲಿ ಎಲ್ಲರೂ ಲಿಗಮೆಂಟ್ ಎನ್ನುತ್ತಾರೆ. ಮಂಡಿಯಲ್ಲಿ ಮುಖ್ಯವಾದವು ನಾಲ್ಕು. ಒಳಬದಿಗೊಂದು, ಹೊರಬದಿಗೊಂದು. ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡ ಹಾಯುವ ಇನ್ನೆರಡು. ಆ ಎರಡರಲ್ಲಿ ಮುಂದಿನದಕ್ಕೆ ಎ.ಸಿ.ಎಲ್. ಎಂದು ಹೆಸರು. ಆಟಗಾರರ ಬಾಯಲ್ಲಿ ನೀವು ಕೇಳುವ ಹೆಸರು ಇದೇ.

ಅದು ಹೇಗಿದೆ ಎಂದು ತಿಳಿಯಲು ಚಿತ್ರ ಬೇಡ. ಬಲಗೈಯ ನಡುಬೆರಳನ್ನು ತೋರುಬೆರಳಿನ ಮೇಲೆ ಅಡ್ಡವಾಗಿ ಹಾಕಿ. ಬೆರಳುಗಳು ಕೆಳಮುಖವಾಗಿರುವಂತೆ ಅಂಗೈಯನ್ನು ಬಲ ಮಂಡಿಯ ಮೇಲಿಡಿ. ಮೇಲೆ ಕಾಣುವ ನಡುಬೆರಳು ಎ.ಸಿ.ಎಲ್. ಹೋಗುವ ದಿಕ್ಕನ್ನು ತೋರಿಸುತ್ತದೆ, ಅದರ ಹಿಂದಿನ ತೋರುಬೆರಳು ಎರಡನೆಯ ಹಗ್ಗವನ್ನು. ನಿಜವಾದ ಎ.ಸಿ.ಎಲ್. ಉದ್ದ ಸುಮಾರು 3 ಸೆಂಟಿಮೀಟರ್, ಅಗಲ ಸುಮಾರು 1 ಸೆಂಟಿಮೀಟರ್. ಅಷ್ಟೇ. ಅದರ ಕೆಲಸ ಎರಡು: ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು, ಮಂಡಿ ಅತಿಯಾಗಿ ತಿರುಚದಂತೆ ಹಿಡಿಯುವುದು.

ಈ ಪುಟ್ಟ ಹಗ್ಗ ಎಷ್ಟು ಗಟ್ಟಿ ಗೊತ್ತೇ? ಎಳೆಯ ವಯಸ್ಸಿನವರಲ್ಲಿ ಅದು ಹರಿಯಲು ಸುಮಾರು 2,000 ನ್ಯೂಟನ್ ಬಲ ಬೇಕು. ಅಂದರೆ 200 ಕೆ.ಜಿ.ಯಷ್ಟು ಭಾರ ತೂಗಿಸಬೇಕು. ನಾಲ್ಕು ಸಿಮೆಂಟ್ ಚೀಲ! ಹಾಗಾದರೆ ಅಷ್ಟು ಗಟ್ಟಿ ಹಗ್ಗ ಒಂದು ಕಬಡ್ಡಿ ಆಟದಲ್ಲಿ ಹರಿಯುವುದು ಹೇಗೆ?

"ಟಕ್" ಎಂಬ ಸದ್ದು

ಯಾರೋ ಬಂದು ಗುದ್ದಿದ್ದರಿಂದಲೇ ಹರಿಯುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಹೆಚ್ಚಿನ ಎ.ಸಿ.ಎಲ್. ಗಾಯಗಳಲ್ಲಿ ಮಂಡಿಗೆ ಯಾರ ಪೆಟ್ಟೂ ಬಿದ್ದಿರುವುದಿಲ್ಲ. ಓಡುತ್ತಿದ್ದವರು ಗಕ್ಕನೆ ನಿಲ್ಲುತ್ತಾರೆ, ಅಥವಾ ದಿಕ್ಕು ಬದಲಿಸುತ್ತಾರೆ, ಅಥವಾ ಹಾರಿ ಒಂದೇ ಕಾಲಿನ ಮೇಲೆ ಇಳಿಯುತ್ತಾರೆ. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ದೇಹ ತಿರುಗುತ್ತದೆ, ಮಂಡಿ ಒಳಗಡೆಗೆ ವಾಲುತ್ತದೆ. ಆಟದ ವೀಡಿಯೊಗಳನ್ನು ನಿಧಾನಗತಿಯಲ್ಲಿ ಅಳೆದು ನೋಡಿದವರ ಪ್ರಕಾರ, ಪಾದ ನೆಲ ಮುಟ್ಟಿದ ಮೇಲೆ ಸುಮಾರು 40 ಮಿಲಿಸೆಕೆಂಡಿನೊಳಗೆ ಹಗ್ಗ ಹರಿದಿರುತ್ತದೆ. ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. "ಎಚ್ಚರಿಕೆಯಿಂದ ಇರಬೇಕಿತ್ತು" ಎಂದು ಗಾಯಗೊಂಡವರನ್ನು ಬೈದು ಪ್ರಯೋಜನವಿಲ್ಲ ಎಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ.

ಹರಿದಾಗ ಹಲವರಿಗೆ "ಟಕ್" ಎಂಬ ಸದ್ದು ಕೇಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ, ಯಾಕೆಂದರೆ ಕೀಲಿನೊಳಗೆ ರಕ್ತ ತುಂಬಿಕೊಂಡಿರುತ್ತದೆ. ಎಕ್ಸ್‌ರೇ ತೆಗೆದರೆ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಆದ್ದರಿಂದ "ಎಕ್ಸ್‌ರೇಯಲ್ಲಿ ಏನೂ ಇಲ್ಲ" ಎಂದರೆ "ಮೂಳೆ ಮುರಿದಿಲ್ಲ" ಎಂದಷ್ಟೇ ಅರ್ಥ. ಲಿಗಮೆಂಟಿನ ಸ್ಥಿತಿ ತಿಳಿಯಲು ಡಾಕ್ಟರ್ ಕೈಯಿಂದಲೇ ಕಣಕಾಲನ್ನು ಮುಂದಕ್ಕೆ ಎಳೆದು ಎಷ್ಟು ಜಾರುತ್ತದೆ ಎಂದು ನೋಡುತ್ತಾರೆ. ಅನುಭವಿ ಕೈಗೆ ಇದರಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಅದನ್ನು ಖಚಿತಪಡಿಸಲು, ಪಕ್ಕದ ಭಾಗಗಳಿಗೂ ಪೆಟ್ಟಾಗಿದೆಯೇ ಎಂದು ನೋಡಲು ಎಂ.ಆರ್.ಐ. ಬೇಕಾಗುತ್ತದೆ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಬಿ.ಎಸ್ಸಿ. ಎರಡನೇ ವರ್ಷ. ಊರಿನಲ್ಲಿ ರಾತ್ರಿ ಕಬಡ್ಡಿ. ದಾಳಿ ಮುಗಿಸಿ ತಿರುಗುವಾಗ ನನ್ನ ಬಲ ಮಂಡಿಯಲ್ಲಿ ಅದೇ "ಟಕ್". ಬೆಳಗಾಗುವಾಗ ಮಂಡಿ ಸಣ್ಣ ಕುಂಬಳಕಾಯಿಯ ಹಾಗೆ ಊದಿತ್ತು. ಎಲ್ಲರೂ ಉಳುಕು ಎಂದರು. ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಿದೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಮೂರು ವಾರದಲ್ಲಿ ಊತ ಇಳಿಯಿತು, ನೋವೂ ಹೋಯಿತು. ತಿಕ್ಕಿದ್ದರಿಂದಲೇ ಗುಣವಾಯಿತು ಎಂದು ನಾನೂ ನಂಬಿದೆ.

ನೋಡಿ, ಇಲ್ಲೇ ನಾನು ಜಾರಿದ್ದು. ನೋವು ಹೋಗುವುದು ಬೇರೆ, ಹಗ್ಗ ಮಾಯುವುದು ಬೇರೆ. ಊತ ಹೇಗೂ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೇರ ನಡೆಯಲು ಎ.ಸಿ.ಎಲ್. ಅಷ್ಟಾಗಿ ಬೇಕಾಗುವುದಿಲ್ಲ. ಅದು ಬೇಕಾಗುವುದು ತಿರುಗುವಾಗ.

ಎರಡು ತಿಂಗಳ ಬಳಿಕ ಮತ್ತೆ ಆಡಿದೆ. ಒಮ್ಮೆ ಮಂಡಿ ಕೈಕೊಟ್ಟಿತು, ಬಿದ್ದೆ, ಎದ್ದೆ. ಇನ್ನೊಮ್ಮೆ ಕೈಕೊಟ್ಟಿತು. ಮೂರನೇ ಸಲ ಬಿದ್ದಾಗ ಮಂಡಿ ಬಾಗಿದಲ್ಲೇ ಸಿಕ್ಕಿಕೊಂಡಿತು, ನೆಟ್ಟಗಾಗಲೇ ಇಲ್ಲ. ಆಮೇಲೆ ಎಂ.ಆರ್.ಐ. ಮಾಡಿಸಿದಾಗ ಗೊತ್ತಾಯಿತು: ಎ.ಸಿ.ಎಲ್. ಮೊದಲ ದಿನವೇ ಪೂರ್ತಿ ಹರಿದಿದ್ದಿರಬೇಕು, ಅದರ ಮೇಲೆ ಈಗ ಮೆನಿಸ್ಕಸ್ ಕೂಡ ಹರಿದು ಕೀಲಿನ ನಡುವೆ ಮಡಚಿ ಕೂತಿದೆ.

ಮೆನಿಸ್ಕಸ್ ಅಂದರೆ ಎರಡು ಮೂಳೆಗಳ ನಡುವೆ ಇರುವ ಅರ್ಧಚಂದ್ರದ ಆಕಾರದ ಮೆತ್ತೆ. ಒಂದು ಮಂಡಿಯಲ್ಲಿ ಅಂಥವು ಎರಡು. ದೇಹದ ಭಾರವನ್ನು ಹರಡಿ, ಮೂಳೆಯ ತುದಿಯ ನುಣುಪಾದ ಮೃದ್ವಸ್ಥಿಯನ್ನು ಸವೆಯದಂತೆ ಕಾಯುವುದು ಅವುಗಳ ಕೆಲಸ. ನನ್ನ ಒಂದು ಮೆತ್ತೆಯ ಹರಿದ ಭಾಗವನ್ನು ಹೊಲಿಯಲು ಆಗಲಿಲ್ಲ, ಕತ್ತರಿಸಿ ತೆಗೆಯಬೇಕಾಯಿತು. ಹೊಸ ಲಿಗಮೆಂಟ್ ಹಾಕಬಹುದು. ಕತ್ತರಿಸಿ ತೆಗೆದ ಮೆತ್ತೆ ಮತ್ತೆ ಬೆಳೆಯುವುದಿಲ್ಲ. ಇಂದು ಮೂರನೇ ಮಹಡಿಯ ತರಗತಿಗೆ ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಅದನ್ನು ನೆನಪಿಸುತ್ತದೆ.

ಆದ್ದರಿಂದ ಈ ಲೇಖನದಲ್ಲಿ ಒಂದೇ ಒಂದು ಮಾತು ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಿರಲಿ: ಹಗ್ಗ ಹರಿದದ್ದಕ್ಕಿಂತ ಹೆಚ್ಚಿನ ನಷ್ಟ, ಹರಿದ ಹಗ್ಗದ ಮೇಲೆ ಮತ್ತೆ ಮತ್ತೆ ಜಾರುವುದರಿಂದ ಆಗುತ್ತದೆ. ಆಪರೇಷನ್ ಮಾಡಿಸುವ, ಬಿಡುವ ಪ್ರಶ್ನೆಯ ಹಿಂದೆ ಇರುವ ನಿಜವಾದ ಪ್ರಶ್ನೆ "ಇನ್ನು ಮುಂದೆ ಈ ಮಂಡಿ ಜಾರದಂತೆ ನೋಡಿಕೊಳ್ಳುವುದು ಹೇಗೆ?" ಎಂಬುದು.

ಕೈಯ ಗಾಯ ಮಾಯುತ್ತದೆ, ಇದೇಕೆ ಮಾಯುವುದಿಲ್ಲ?

ಕೈಗೆ ಗಾಯವಾದರೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಒಂದು ಸೇತುವೆ. ಅದರ ಮೇಲೆ ಹೊಸ ಕೋಶಗಳು ಬಂದು ಎರಡು ಅಂಚುಗಳನ್ನು ಬೆಸೆಯುತ್ತವೆ. ಮಂಡಿಯ ಒಳಬದಿಯ ಲಿಗಮೆಂಟ್ ಕೀಲಿನ ಹೊರಗಡೆ, ಮಾಂಸದ ನಡುವೆ ಇದೆ. ಅದು ಹರಿದರೆ ಹೆಚ್ಚಾಗಿ ಪಟ್ಟಿ ಕಟ್ಟಿ ಕಾದರೆ ತಾನಾಗಿ ಮಾಯುತ್ತದೆ. ಎ.ಸಿ.ಎಲ್. ಇರುವುದು ಕೀಲಿನ ಒಳಗೆ, ಕೀಲುದ್ರವದ ನಡುವೆ. ಅಲ್ಲಿ ರಕ್ತದ ಹೆಪ್ಪು ನಿಲ್ಲುವುದಿಲ್ಲ, ಹರಿದ ಎರಡು ತುದಿಗಳು ದೂರವಾಗುತ್ತವೆ. ಕೆಲವರಲ್ಲಿ ಅದು ತಾನಾಗಿ ಕೂಡಿಕೊಂಡದ್ದು ಎಂ.ಆರ್.ಐ.ಯಲ್ಲಿ ಕಂಡಿದೆ. ಆದರೆ ಎಲ್ಲರಲ್ಲೂ ಹಾಗಾಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಹೊಲಿದುಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಅದನ್ನೇ ಮೊದಲು ಮಾಡಿದ್ದು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರಚಿಕಿತ್ಸಕರು ಒಬ್ಬ ಗಣಿ ಕಾರ್ಮಿಕನ ಮಂಡಿಯ ಹರಿದ ಲಿಗಮೆಂಟುಗಳನ್ನು ಹೊಲಿದರು. ಆತ ಮತ್ತೆ ಕೆಲಸಕ್ಕೂ ಹೋದ. ಆಮೇಲೆ ಹಲವು ದಶಕ ಹೊಲಿಯುವುದು ನಡೆಯಿತು. ಆದರೆ 1976ರಲ್ಲಿ ಅಮೆರಿಕದ ಸೇನಾ ಶಾಲೆಯ ಯುವಕರನ್ನು ಐದು ವರ್ಷದ ನಂತರ ಪರೀಕ್ಷಿಸಿ ಬರೆದ ವರದಿಯಲ್ಲಿ, ಹೊಲಿದ ಮಂಡಿಗಳಲ್ಲಿ ಬಹಳಷ್ಟು ಮತ್ತೆ ಸಡಿಲವಾಗಿದ್ದವು. ಹೊಲಿಗೆಯ ಬದಲು ಹೊಸ ಹಗ್ಗವನ್ನೇ ಹಾಕುವ ವಿಧಾನ ಗಟ್ಟಿಯಾಯಿತು.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಹೊಸ ಹಗ್ಗ ಸಾಮಾನ್ಯವಾಗಿ ಅಂಗಡಿಯಿಂದ ಬರುವುದಿಲ್ಲ, ನಿಮ್ಮ ದೇಹದಿಂದಲೇ ಬರುತ್ತದೆ. ಮಂಡಿಯನ್ನು ಬಗ್ಗಿಸಿ ಹಿಂಬದಿ ಮುಟ್ಟಿದರೆ ಎರಡು ಕಡೆ ಬಿಗಿಯಾದ ದಾರದಂಥವು ಸಿಗುತ್ತವೆ. ಅವು ತೊಡೆಯ ಹಿಂದಿನ ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು. ಒಳಬದಿಯ ಒಂದೆರಡನ್ನು ತೆಗೆದು, ಮಡಚಿ ದಪ್ಪ ಮಾಡಿ ಬಳಸುತ್ತಾರೆ. ಕೆಲವೊಮ್ಮೆ ಮಂಡಿಚಿಪ್ಪಿನ ಕೆಳಗಿನ ಅಥವಾ ಮೇಲಿನ ಸ್ನಾಯುರಜ್ಜಿನ ಒಂದು ಪಟ್ಟಿಯನ್ನು ತೆಗೆಯುತ್ತಾರೆ.

ಮಂಡಿಯನ್ನು ಪೂರ್ತಿ ತೆರೆಯುವುದಿಲ್ಲ. ಸಣ್ಣ ತೂತಿನಿಂದ ಪೆನ್ಸಿಲಿನಷ್ಟು ದಪ್ಪದ ಕ್ಯಾಮರಾ ಒಳಗೆ ಹೋಗುತ್ತದೆ. ಟಿ.ವಿ. ಪರದೆ ನೋಡುತ್ತಾ ತೊಡೆಮೂಳೆಯಲ್ಲೊಂದು, ಕಣಕಾಲಿನ ಮೂಳೆಯಲ್ಲೊಂದು ಸುರಂಗ ಕೊರೆಯುತ್ತಾರೆ. ಹೊಸ ಹಗ್ಗವನ್ನು ಆ ಸುರಂಗಗಳ ಮೂಲಕ ಎಳೆದು, ಸ್ಕ್ರೂ ಅಥವಾ ಗುಂಡಿಯಂಥ ಲೋಹದ ತುಂಡಿನಿಂದ ಬಿಗಿಯುತ್ತಾರೆ. ಮೆನಿಸ್ಕಸ್ ಹರಿದಿದ್ದರೆ, ಹೊಲಿಯಲು ಆಗುವಂತಿದ್ದರೆ ಅದನ್ನೂ ಅದೇ ಹೊತ್ತಿಗೆ ಹೊಲಿಯುತ್ತಾರೆ.

ಎರಡು ಪ್ರಯೋಗಗಳು

ಇಷ್ಟು ಚಂದದ ವಿಧಾನ ಇರುವಾಗ ಹರಿದವರೆಲ್ಲ ಕೂಡಲೇ ಆಪರೇಷನ್ ಮಾಡಿಸಬಾರದೇ? ಈ ಪ್ರಶ್ನೆಯನ್ನು ಅಭಿಪ್ರಾಯದಿಂದ ಬಗೆಹರಿಸಲು ಆಗದು, ಪ್ರಯೋಗ ಮಾಡಬೇಕು. ತರಗತಿಯಲ್ಲಿ ನಾವು ಎರಡು ಕುಂಡಗಳಲ್ಲಿ ಗಿಡ ನೆಟ್ಟು ಒಂದನ್ನು ಬಿಸಿಲಿಗೂ ಒಂದನ್ನು ಕತ್ತಲೆಗೂ ಇಡುತ್ತೇವಲ್ಲ, ತತ್ತ್ವ ಅದೇ.

ಮೊದಲನೆಯದು ಸ್ವೀಡನ್ನಿನಲ್ಲಿ ನಡೆದದ್ದು, 2010ರಲ್ಲಿ ಪ್ರಕಟವಾಯಿತು. ಆಗಷ್ಟೇ ಎ.ಸಿ.ಎಲ್. ಹರಿದ, 18ರಿಂದ 35 ವರ್ಷದ 121 ಮಂದಿ. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿದರು. 62 ಮಂದಿಗೆ ಬೇಗನೆ ಆಪರೇಷನ್, ಜೊತೆಗೆ ವ್ಯಾಯಾಮ. ಉಳಿದ 59 ಮಂದಿಗೆ ಮೊದಲು ವ್ಯಾಯಾಮ ಮಾತ್ರ, ಆಮೇಲೂ ಮಂಡಿ ಜಾರುತ್ತಿದ್ದರೆ ಆಪರೇಷನ್. ಎರಡು ವರ್ಷದ ನಂತರ ನೋವು, ತೊಂದರೆ, ಆಟದ ಸಾಮರ್ಥ್ಯ, ಜೀವನದ ಗುಣಮಟ್ಟ ಇವನ್ನೆಲ್ಲ ಸೇರಿಸಿ 100ಕ್ಕೆ ಅಂಕ ಹಾಕಿದರೆ, ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59ರಲ್ಲಿ 23 ಮಂದಿಗೆ ಎರಡು ವರ್ಷದೊಳಗೆ ಆಪರೇಷನ್ ಬೇಕಾಯಿತು. ಐದು ವರ್ಷ ಆಗುವಾಗ ಆ ಸಂಖ್ಯೆ 30. ಶೇಕಡಾ ಎಷ್ಟೆಂದು ನೀವೇ ಲೆಕ್ಕ ಮಾಡಿ. ಹೆಚ್ಚುಕಡಿಮೆ ಅರ್ಧ ಮಂದಿ ಆಪರೇಷನ್ ಇಲ್ಲದೆಯೇ ಐದು ವರ್ಷ ಕಳೆದರು.

ಹಾಗಾದರೆ ವ್ಯಾಯಾಮವೇ ಸಾಕು ಎನ್ನೋಣವೇ? ಸ್ವಲ್ಪ ತಡೆಯಿರಿ. ಎರಡನೆಯ ಪ್ರಯೋಗ ಬ್ರಿಟನ್ನಿನದು, 2022ರಲ್ಲಿ ಪ್ರಕಟವಾದದ್ದು. ಇಲ್ಲಿ 316 ಮಂದಿ. ಇವರ ಗಾಯ ಹೊಸತಲ್ಲ, ಹಳೆಯದಾಗಿತ್ತು. ಮಂಡಿ ಜಾರುವ ತೊಂದರೆ ಉಳಿದುಕೊಂಡಿತ್ತು. ಹದಿನೆಂಟು ತಿಂಗಳ ನಂತರ ಅದೇ 100ರ ಅಂಕದಲ್ಲಿ ಆಪರೇಷನ್ ಗುಂಪಿಗೆ 73, ವ್ಯಾಯಾಮದ ಗುಂಪಿಗೆ 64.6. ಇಲ್ಲಿ ಆಪರೇಷನ್ ಮೇಲುಗೈ.

ಎರಡು ಪ್ರಯೋಗಗಳೂ ಸರಿ. ಒಂದಕ್ಕೊಂದು ವಿರುದ್ಧವೂ ಅಲ್ಲ. ಕೇಳಿದ ಪ್ರಶ್ನೆಯೇ ಬೇರೆ. ಗಾಯ ಹೊಸದಾಗಿರುವಾಗ ಯಾರ ಮಂಡಿ ವ್ಯಾಯಾಮದಿಂದ ಸ್ಥಿರವಾಗುತ್ತದೆ, ಯಾರದ್ದು ಆಗುವುದಿಲ್ಲ ಎಂದು ಮೊದಲೇ ಹೇಳುವುದು ಕಷ್ಟ. ಆದ್ದರಿಂದ ಎಷ್ಟೋ ಮಂದಿಗೆ ಸ್ವಲ್ಪ ಸಮಯ ಕೊಟ್ಟು ನೋಡಬಹುದು. ಸಮಯ ಕೊಟ್ಟ ಮೇಲೂ ಜಾರುತ್ತಿದ್ದರೆ ಆಪರೇಷನ್ನಿಂದ ಲಾಭ ಹೆಚ್ಚು. ನಮ್ಮ ಹುಡುಗಿಗೆ ಇಬ್ಬರು ಡಾಕ್ಟರುಗಳು ಎರಡು ಮಾತು ಹೇಳಿದ್ದರ ಗುಟ್ಟು ಇದೇ. ಒಬ್ಬರು ಅವಳ ಆಟವನ್ನು ನೋಡಿ ಮುಂದಿನ ಅಪಾಯವನ್ನು ಎಣಿಸಿದರು. ಇನ್ನೊಬ್ಬರು ಅವಳ ಮಂಡಿಗೆ ಒಂದು ಅವಕಾಶ ಕೊಡೋಣ ಎಂದುಕೊಂಡರು.

ಕೆಲವು ಸಂದರ್ಭಗಳಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹರಿದಿದ್ದರೆ, ನನ್ನದರ ಹಾಗೆ ಮೆನಿಸ್ಕಸ್ ಸಿಕ್ಕಿಹಾಕಿಕೊಂಡು ಮಂಡಿ ನೆಟ್ಟಗಾಗದಿದ್ದರೆ ತಡ ಮಾಡಬಾರದು. ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿದಾಗ ಮಂಡಿಯ ಲಿಗಮೆಂಟುಗಳು ಹರಿದಿದ್ದವು. 2023ರ ಜನವರಿಯಲ್ಲೇ ಮುಂಬೈಯಲ್ಲಿ ಅವರಿಗೆ ಆಪರೇಷನ್ ಆಯಿತು. ಅವರು ಮತ್ತೆ ಐ.ಪಿ.ಎಲ್. ಆಡಿದ್ದು 2024ರ ಮಾರ್ಚಿನಲ್ಲಿ. ಎಲ್ಲ ಸೌಲಭ್ಯ ಇದ್ದ ಆಟಗಾರನಿಗೂ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು ಎಂಬುದನ್ನು ಗಮನಿಸಿ.

ನಿಮ್ಮ ವಯಸ್ಸಿಗೆ ಮಾತ್ರ ಇರುವ ಪ್ರಶ್ನೆ

ಮೊದಲ ಪ್ರಯೋಗದಲ್ಲಿದ್ದವರ ವಯಸ್ಸು ನೆನಪಿದೆಯೇ? 18ರಿಂದ 35. ನಿಮ್ಮ ವಯಸ್ಸು 13, 14, 15. ಅದರ ಫಲಿತಾಂಶವನ್ನು ಹಾಗೆಯೇ ನಿಮಗೆ ಅಂಟಿಸುವಂತಿಲ್ಲ. ವಿಜ್ಞಾನ ಓದುವವರು ಯಾವ ಪ್ರಯೋಗದ ಬಗ್ಗೆ ಕೇಳಿದರೂ ಮೊದಲು ಕೇಳಬೇಕಾದ ಪ್ರಶ್ನೆ "ಯಾರ ಮೇಲೆ ಮಾಡಿದ್ದು?" ಎಂಬುದು.

ಮಕ್ಕಳ ಮೂಳೆ ಉದ್ದವಾಗುವುದು ತುದಿಯ ಹತ್ತಿರ ಇರುವ ಮೃದ್ವಸ್ಥಿಯ ತೆಳು ಪದರದಿಂದ. ಅದನ್ನು ಬೆಳವಣಿಗೆಯ ಫಲಕ ಎನ್ನೋಣ. ಕಾಲು ಉದ್ದವಾಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಂಡಿಯ ಮೇಲಿನ ಮತ್ತು ಕೆಳಗಿನ ಫಲಕಗಳದ್ದು. ಸುರಂಗ ಕೊರೆಯಬೇಕಾದದ್ದೂ ಅಲ್ಲೇ! ಫಲಕಕ್ಕೆ ಹಾನಿಯಾದರೆ ಒಂದು ಕಾಲು ಗಿಡ್ಡ ಅಥವಾ ಓರೆ ಆಗುವ ಅಪಾಯ ಇದೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 14ರ ಸುಮಾರಿಗೆ, ಹುಡುಗರಲ್ಲಿ 16ರ ಸುಮಾರಿಗೆ ಈ ಫಲಕಗಳು ಮುಚ್ಚತೊಡಗುತ್ತವೆ. ಎಕ್ಸ್‌ರೇ ನೋಡಿ ಎಷ್ಟು ಬೆಳವಣಿಗೆ ಬಾಕಿ ಇದೆ ಎಂದು ಅಂದಾಜು ಮಾಡುತ್ತಾರೆ. ಫಲಕ ತೆರೆದಿದ್ದರೂ ಅದನ್ನು ತಪ್ಪಿಸಿ ಮಾಡುವ ವಿಧಾನಗಳಿವೆ, ಆದರೆ ಅದಕ್ಕೆ ಮಕ್ಕಳ ಮಂಡಿಯಲ್ಲಿ ಪಳಗಿದ ಕೈ ಬೇಕು.

ಇನ್ನೊಂದು ಕಡೆ, ಮಕ್ಕಳು ಸುಮ್ಮನೆ ಕೂರುವವರಲ್ಲ. ಆಡಬೇಡ ಎಂದರೂ ಇಂಟರ್ವಲ್ ಬೆಲ್ ಹೊಡೆದ ಕೂಡಲೇ ಓಡುತ್ತೀರಿ. ಸಡಿಲ ಮಂಡಿಯಲ್ಲಿ ಓಡಿದರೆ ಮೆನಿಸ್ಕಸ್ ಹರಿಯುತ್ತದೆ. ಆದ್ದರಿಂದ ನಿಮ್ಮ ವಯಸ್ಸಿನಲ್ಲಿ ಆಪರೇಷನ್ನಿಗೂ ಅಪಾಯ ಇದೆ, ಕಾಯುವುದಕ್ಕೂ ಅಪಾಯ ಇದೆ. ತೂಗಿ ನೋಡಬೇಕಾದದ್ದು ಈ ಎರಡನ್ನು.

ಮೂರನೇ ತಿಂಗಳ ಮೋಸ

ಆಪರೇಷನ್ ಆದರೆ ಮುಗಿಯಿತು ಎಂದು ಹಲವರ ನಂಬಿಕೆ. ನಾನೂ ಹಾಗೆಯೇ ನಂಬಿದ್ದೆ. ಮೂರನೇ ತಿಂಗಳಿಗೆ ನನಗೆ ನೋವಿರಲಿಲ್ಲ, ಊತವಿರಲಿಲ್ಲ. ಓಡಬಹುದು ಅನಿಸುತ್ತಿತ್ತು. ಆದರೆ ಒಳಗೆ ಆಗುತ್ತಿದ್ದುದೇ ಬೇರೆ. ಸ್ನಾಯುರಜ್ಜನ್ನು ಕಿತ್ತು ಹೊಸ ಜಾಗದಲ್ಲಿ ಇಟ್ಟಾಗ ಅದಕ್ಕೆ ರಕ್ತ ಪೂರೈಕೆ ಇರುವುದಿಲ್ಲ. ಅದರ ಹಳೆಯ ಕೋಶಗಳು ಸಾಯುತ್ತವೆ. ನಿಧಾನವಾಗಿ ಹೊಸ ರಕ್ತನಾಳ ಬೆಳೆದು, ಹೊಸ ಕೋಶಗಳು ಬಂದು, ಕೊಲಾಜನ್ ನಾರುಗಳನ್ನು ಮತ್ತೆ ನೇಯುತ್ತವೆ. ಈ ನಡುವಿನ ಕಾಲದಲ್ಲಿ, ಸುಮಾರು ಆರರಿಂದ ಹನ್ನೆರಡನೇ ವಾರದ ಹೊತ್ತಿಗೆ, ಹೊಸ ಹಗ್ಗ ಆಪರೇಷನ್ನಿನ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಮಂಡಿ ಚೆನ್ನಾಗಿದೆ ಅನಿಸುವ ಹೊತ್ತೇ ಹಗ್ಗ ಮೆತ್ತಗಿರುವ ಹೊತ್ತು!

ಅದಕ್ಕಾಗಿಯೇ ಕನಿಷ್ಠ ಒಂಬತ್ತು ತಿಂಗಳು ಆಟ ಬೇಡ ಎನ್ನುತ್ತಾರೆ. ತಿಂಗಳು ಎಣಿಸಿದರೂ ಸಾಲದು. ಗಾಯವಾದ ಕಾಲಿನ ಬಲ ಇನ್ನೊಂದು ಕಾಲಿನ ಬಲಕ್ಕೆ ಸಮ ಬಂದಿದೆಯೇ, ಒಂಟಿ ಕಾಲಿನಲ್ಲಿ ಹಾರಿದರೆ ಎರಡೂ ಕಾಲಲ್ಲಿ ಒಂದೇ ದೂರ ಹೋಗುತ್ತೀರಾ ಎಂದು ಅಳೆದು ನೋಡಬೇಕು. 25 ವರ್ಷದೊಳಗಿನವರು ಆಪರೇಷನ್ ಬಳಿಕ ಆಟಕ್ಕೆ ಮರಳಿದಾಗ, ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಮಂಡಿಯಲ್ಲೋ ಇನ್ನೊಂದರಲ್ಲೋ ಮತ್ತೆ ಎ.ಸಿ.ಎಲ್. ಹರಿದದ್ದು ಅಧ್ಯಯನಗಳಲ್ಲಿ ಕಂಡಿದೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು 65 ಮಂದಿ ಮೊದಲಿನ ಮಟ್ಟದ ಆಟಕ್ಕೆ ಮರಳಿದ್ದರು. ಎಲ್ಲರೂ ಅಲ್ಲ. ಮುಂದೆ ಸಂಧಿವಾತ ಬರುವುದನ್ನು ಆಪರೇಷನ್ ಪೂರ್ತಿ ತಡೆಯುವುದೂ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಲಾಭ ಎಷ್ಟು, ಮಿತಿ ಎಷ್ಟು ಎಂದು ಗೊತ್ತಿದ್ದು ಒಪ್ಪಿಕೊಳ್ಳಬೇಕು ಎಂದು ಹೇಳುತ್ತಿದ್ದೇನೆ.

ಒಂದು ಹಾಳೆ, ಆರು ಪ್ರಶ್ನೆ

ನಮ್ಮ ಹುಡುಗಿಯ ಜೊತೆ ಕೂತು ನಾವು ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದೆವು. ನಿಮಗಾಗಲಿ ನಿಮ್ಮ ಅಣ್ಣನಿಗಾಗಲಿ ಅಕ್ಕನಿಗಾಗಲಿ ಇಂಥ ಸ್ಥಿತಿ ಬಂದರೆ ಉಪಯೋಗವಾದೀತು.

1. ಹರಿದದ್ದು ಪೂರ್ತಿಯೋ, ಅರ್ಧವೋ? ಬೇರೆ ಲಿಗಮೆಂಟಿಗೂ ಪೆಟ್ಟಾಗಿದೆಯೇ?

2. ಮೆನಿಸ್ಕಸ್ ಸರಿಯಾಗಿದೆಯೇ? ಹರಿದಿದ್ದರೆ ಹೊಲಿಯಬಹುದೇ?

3. ನನ್ನ ಬೆಳವಣಿಗೆಯ ಫಲಕಗಳು ಮುಚ್ಚಿವೆಯೇ?

4. ದಿನನಿತ್ಯದ ಕೆಲಸದಲ್ಲಿ, ಮೆಟ್ಟಿಲಿಳಿಯುವಾಗ, ತಿರುಗುವಾಗ ಮಂಡಿ ಕೈಕೊಡುತ್ತಿದೆಯೇ?

5. ನಾನು ಮತ್ತೆ ಕಬಡ್ಡಿಯಂಥ ತಿರುಗುವ, ಹಾರುವ ಆಟ ಆಡಬೇಕೇ? ಅಥವಾ ನಡಿಗೆ, ಸೈಕಲ್, ಈಜು ಸಾಕೇ?

6. ಒಂಬತ್ತು ತಿಂಗಳು ಬಿಡದೆ ವ್ಯಾಯಾಮ ಮಾಡಲು, ಫಿಸಿಯೋಥೆರಪಿಗೆ ಹೋಗಿ ಬರಲು ಮನೆಯಲ್ಲಿ ಅನುಕೂಲ ಇದೆಯೇ? ಖರ್ಚು ಎಷ್ಟು, ಪರೀಕ್ಷೆ ಯಾವಾಗ?

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಎಂ.ಆರ್.ಐ.ಯಲ್ಲಿ ಇಲ್ಲ, ಮನೆಯಲ್ಲಿದೆ. ಒಂದೇ ರೀತಿ ಹರಿದ ಎರಡು ಮಂಡಿಗೆ ಎರಡು ಬೇರೆ ತೀರ್ಮಾನ ಸರಿ ಆಗಬಹುದಾದದ್ದು ಇದರಿಂದಲೇ.

ಅಜ್ಜಿಯ ಮಾತಿನ ಬಗ್ಗೆಯೂ ಒಂದು ಮಾತು. ಅಜ್ಜಿಯ ಪ್ರೀತಿ ಸರಿ, ತಿಕ್ಕುವುದು ಮಾತ್ರ ಬೇಡ. ಹೊಸದಾಗಿ ಊದಿದ ಮಂಡಿಯನ್ನು ಬಲವಾಗಿ ತಿಕ್ಕಿದರೆ, ಎಳೆದರೆ ಒಳಗಿನ ಗಾಯ ಹೆಚ್ಚಾಗಬಹುದು. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾಗಿ ಸುತ್ತಿದ ಬ್ಯಾಂಡೇಜ್, ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ, ಆಮೇಲೆ ಡಾಕ್ಟರ್.

ಹರಿಯದಂತೆ ನೋಡಿಕೊಳ್ಳೋಣ

ತೊಡೆಯ ಹಿಂದಿನ ಸ್ನಾಯುಗಳು ಕಣಕಾಲಿನ ಮೂಳೆಯನ್ನು ಹಿಂದಕ್ಕೆ ಎಳೆಯುತ್ತವೆ. ಅಂದರೆ ಅವು ಎ.ಸಿ.ಎಲ್.ನ ಗೆಳೆಯರು. ಮಂಡಿ ಬಾಗಿಸಿ ಮೆತ್ತಗೆ ಇಳಿದರೆ ಈ ಗೆಳೆಯರು ಭಾರ ಹಂಚಿಕೊಳ್ಳುತ್ತಾರೆ. ಮಂಡಿ ನೆಟ್ಟಗೆ ಇಟ್ಟು ದಪ್ಪನೆ ಇಳಿದರೆ ಭಾರವೆಲ್ಲ ಆ ಪುಟ್ಟ ಹಗ್ಗದ ಮೇಲೆ. ಸರಿಯಾಗಿ ಇಳಿಯುವುದನ್ನು, ತಿರುಗುವುದನ್ನು ಅಭ್ಯಾಸ ಮಾಡಿಸುವ ವಾರ್ಮ್ ಅಪ್ ವ್ಯಾಯಾಮಗಳಿಂದ ಎ.ಸಿ.ಎಲ್. ಗಾಯಗಳು ಸುಮಾರು ಅರ್ಧಕ್ಕೆ ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಹೆಚ್ಚು, ಆದ್ದರಿಂದ ಹುಡುಗಿಯರ ತಂಡಕ್ಕೆ ಈ ಅಭ್ಯಾಸ ಇನ್ನೂ ಮುಖ್ಯ. ಇದಕ್ಕೆ ದುಡ್ಡು ಬೇಡ, ದಿನಕ್ಕೆ ಹದಿನೈದಿಪ್ಪತ್ತು ನಿಮಿಷ ಸಾಕು.

ಮಾಡಿ ನೋಡಿ: ಒಂದು ಮೆಟ್ಟಿಲಿನ ಎತ್ತರದಿಂದ ಎರಡೂ ಕಾಲಲ್ಲಿ ಕೆಳಗೆ ಹಾರಿ. ಗೆಳೆಯರೊಬ್ಬರು ಮುಂದೆ ನಿಂತು ನೋಡಲಿ. ಇಳಿಯುವಾಗ ನಿಮ್ಮ ಮಂಡಿಗಳು ಒಂದಕ್ಕೊಂದು ಹತ್ತಿರ ವಾಲುತ್ತವೆಯೇ, ಪಾದದ ಬೆರಳುಗಳ ನೇರಕ್ಕೇ ಇರುತ್ತವೆಯೇ? ಸದ್ದು ದೊಡ್ಡದೋ, ಸಣ್ಣದೋ? ಸದ್ದಿಲ್ಲದೆ, ಮಂಡಿ ಬಾಗಿಸಿ, ಬೆರಳುಗಳ ನೇರಕ್ಕೆ ಇಳಿಯುವುದನ್ನು ಒಂದು ವಾರ ಅಭ್ಯಾಸ ಮಾಡಿ, ವ್ಯತ್ಯಾಸವನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಮಂಡಿ ನೋವು ಇರುವವರು ಇದನ್ನು ಮಾಡಬೇಡಿ.

ನಮ್ಮ ಹುಡುಗಿ ಆ ಹಾಳೆ ಹಿಡಿದು ಅಪ್ಪನ ಜೊತೆ ಮತ್ತೆ ಡಾಕ್ಟರ ಬಳಿ ಹೋದಳು. ಹರಿದದ್ದು ಪೂರ್ತಿ. ಮೆನಿಸ್ಕಸ್ ಸರಿಯಿದೆ. ಫಲಕಗಳು ಬಹುತೇಕ ಮುಚ್ಚಿವೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವ ತನಕ ಕಬಡ್ಡಿ ಪೂರ್ತಿ ಬಂದ್, ದಿನಾ ಫಿಸಿಯೋಥೆರಪಿಯ ವ್ಯಾಯಾಮ, ನಡುವೆ ಒಮ್ಮೆ ಮಂಡಿ ಜಾರಿದರೂ ಕೂಡಲೇ ಬರಬೇಕು, ಪರೀಕ್ಷೆಯಾದ ಮೇಲೆ ಮತ್ತೆ ನೋಡಿ ತೀರ್ಮಾನ ಎಂದು ಒಪ್ಪಂದವಾಗಿದೆ. ಕಬಡ್ಡಿಯನ್ನು ಬಿಡಲು ಅವಳಿಗೆ ಮನಸ್ಸಿಲ್ಲ, ಆದ್ದರಿಂದ ಕೊನೆಗೆ ಆಪರೇಷನ್ ಆಗಲೂಬಹುದು. ಆದರೆ ಈಗ ಗಟ್ಟಿ ಮಾಡಿಕೊಂಡ ತೊಡೆ ವ್ಯರ್ಥವಾಗುವುದಿಲ್ಲ. ಆಪರೇಷನ್ ಆಗದಿದ್ದರೆ ಅದೇ ಔಷಧ. ಆದರೆ ಚೇತರಿಕೆಗೆ ಅದೇ ಬುನಾದಿ.

ಸಂಜೆ ನಮ್ಮ ಅಂಗಳದಲ್ಲಿ ತಂಡ ಅಭ್ಯಾಸ ಮಾಡುವಾಗ ಅವಳು ಬದಿಯಲ್ಲಿ ಕೂತು ಅಂಕ ಬರೆಯುತ್ತಾಳೆ. ಯಾರಾದರೂ ಮಂಡಿ ನೆಟ್ಟಗಿಟ್ಟು ದಪ್ಪನೆ ಇಳಿದರೆ ಸಾಕು, "ಏಯ್, ಮಂಡಿ ಬಗ್ಗಿಸು!" ಎಂದು ಅಲ್ಲಿಂದಲೇ ಕೂಗುತ್ತಾಳೆ. ನಾನು ಹೇಳಿದರೆ ಕೇಳದವರು ಅವಳು ಹೇಳಿದರೆ ಕೇಳುತ್ತಾರೆ.